ಮೆಶಾಕ್ ಖಿಸಾ ಬರೆದುಕೊಟ್ಟ ಚೀಟಿ

ಮೆಶಾಕ್ ಖಿಸಾ ನಮ್ಮ ಚ್ವೇಲೆ ಸಂತೆಗೆ ಮೊದಲು ಬಂದ ದಿನ ಸೋಮವಾರ. ಖಾಕಿ ಅಂಗಿ ತೊಟ್ಟ ತೆಳ್ಳನೆಯ ಮನುಷ್ಯನೊಬ್ಬ ನಾಂಜಾಲಾಳ ಅಂಗಡಿಯಲ್ಲಿ ಎರಡು ಕಿಲೋ ಕೆಂಪು ಕಾಳು ಕೊಂಡು, ಚೌಕಾಸಿ ಮಾಡದೆ ಹಣ ಕೊಟ್ಟು, ನಿಂತಿದ್ದ ಲಾರಿಯ ಹಿಂದೆ ಹೋದ. ಹಳ್ಳಿಯಿಂದ ಬಂದ ಯಾವನೋ ಪಾಪದವನಿರಬೇಕೆಂದು ನಾವೆಲ್ಲ ಅಂದುಕೊಂಡೆವು. ಆತ ತಿರುಗಿ ಬಂದಾಗ ಕೈಯಲ್ಲಿ ಮರದ ಪೆಟ್ಟಿಗೆಯಿತ್ತು. ಪೆಟ್ಟಿಗೆಯೊಳಗೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಹಿತ್ತಾಳೆಯ ತೂಕದ ಕಲ್ಲುಗಳನ್ನು ಮೊಟ್ಟೆಗಳನ್ನಿಟ್ಟ ಹಾಗೆ ಇಟ್ಟಿದ್ದರು.

ಕಾಳು ಇನ್ನೂರು ಗ್ರಾಂ ಕಡಿಮೆಯಿತ್ತು.

"ದಾರೀಲಿ ಒಣಗಿರ್ಬೇಕು ಸಾಹೇಬ್ರೆ," ಎಂದಳು ನಾಂಜಾಲಾ, ಕಣ್ಣು ಮಿಟುಕಿಸದೆ.

"ದಾರಿ ಅಂದ್ರೆ ಆ ಲಾರಿವರೆಗಿನ ಹತ್ತು ಹೆಜ್ಜೆನಾ ತಾಯಿ? ಅಷ್ಟು ಬಿಸಿಲು ಅಲ್ಲೇನಿದೆ?"

ಸಂತೆಯೇ ನಕ್ಕಿತು. ಖಿಸಾ ಮಾತ್ರ ನಗಲಿಲ್ಲ. ಬಗ್ಗಿ ಮೇಜಿನ ಕೆಳಗಿನ ಗೋಣಿಚೀಲವನ್ನು ಎತ್ತಿದರು. ಅಲ್ಲಿ ಇನ್ನೊಂದು ತಕ್ಕಡಿ, ಸರ್ಕಾರದ ಮುದ್ರೆ ಹೊತ್ತು, ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು. "ಇದು ನಂಗೆ ತೋರ್ಸೋದು, ಅದು ಇವರಿಗೆಲ್ಲ ತೂಗೋದು, ಅಲ್ವಾ?" ಎಂದರು. ಹೊಳೆಯುವ ಅದನ್ನೂ ಅವರು ಹಾಗೆಯೇ ನಂಬಲಿಲ್ಲ. ಒಂದು ಕಿಲೋ ಕಲ್ಲು ಇಟ್ಟರು, ಸರಿ ಬಂತು. ಐದು ಕಿಲೋ ಇಟ್ಟರು, ಸರಿ ಬಂತು. ಪೆಟ್ಟಿಗೆಯಲ್ಲಿದ್ದ ಕಲ್ಲುಗಳನ್ನೆಲ್ಲ ಒಂದರ ಮೇಲೊಂದು ಹೇರಿದಾಗ ಮುಳ್ಳು ನಡುಗಿ ತಪ್ಪು ಜಾಗದಲ್ಲಿ ನಿಂತಿತು. ಜೊತೆಗಿದ್ದ ಗುಮಾಸ್ತನಿಗೆ ಹೇಳಿದರು: "ಬರ್ಕೊ. ಪೂರ್ಣ ಭಾರ ಇಟ್ಟು ನೋಡದೆ ಮುದ್ರೆ ಒತ್ತಬಾರದು." ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಆ ತಕ್ಕಡಿಯ ಮುಖದ ಮೇಲೆ ಅಡ್ಡಗೆರೆ ಎಳೆದರು.

ಆ ಬಳಿಕ ಇಪ್ಪತ್ತೊಂಬತ್ತು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯ ತಪಾಸಕರಾಗಿ ಬುಂಗೋಮಾದ ಸುತ್ತಲಿನ ಸಂತೆಗಳನ್ನೆಲ್ಲ ತಿರುಗಿದರು. ಯಾವ ದಿನ ಎಲ್ಲಿಗೆ ಹೋಗುತ್ತಾರೆಂಬುದು ಅವರ ಹೆಂಡತಿಗೂ ತಿಳಿಯುತ್ತಿರಲಿಲ್ಲ. ಮನೆ ಬಾಗಿಲಿಗೆ ಯಾರೋ ಕಟ್ಟಿ ಹೋದ ಕೋಳಿಯನ್ನು ಅವರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಸಂತೆಯ ನಡುವೆ ನಿಂತು, "ಈ ಕೋಳಿ ಯಾರದಪ್ಪಾ? ದಾರಿ ತಪ್ಪಿ ನಮ್ಮನೆಗೆ ಬಂದಿತ್ತು" ಎಂದು ಕೂಗಿದ್ದನ್ನು ನೆನೆದು ಇಂದಿಗೂ ನಗುವವರಿದ್ದಾರೆ. ಖಿಸಾ ಫ್ರೆಂಡ್ಸ್ ಚರ್ಚಿನ ಹಿರಿಯರು. ಕುಡಿಯುವುದಿಲ್ಲ, ಆಣೆಯಿಡುವುದಿಲ್ಲ, ಜೂಜಿನ ಹೆಸರೆತ್ತಿದರೆ ಎದ್ದು ಹೋಗುತ್ತಾರೆ.

ನಿವೃತ್ತಿಯಾದ ದಿನ ಪೆಟ್ಟಿಗೆಯನ್ನೂ ಮುದ್ರೆಯನ್ನೂ ಇಲಾಖೆಗೆ ಒಪ್ಪಿಸಿ, ಕೆಂಪು ಪೆನ್ಸಿಲನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಅವರು ಚ್ವೇಲೆಗೇ ಬಂದು ನೆಲೆಸಿದರು. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವರಿಗೆ ಇದ್ದವಳು ತಂಗಿಯ ಮಗಳು ಮೆಟ್ರಿನ್ ಒಬ್ಬಳೇ. ಸಂತೆಯ ಮೂಲೆಯ ತಗಡಿನ ಅಂಗಡಿಯಲ್ಲಿ ಅವಳು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳು ತುಳಿಯುತ್ತಿದ್ದ ಹೊಲಿಗೆಯ ಕಾಲುಯಂತ್ರ ತಾಯಿಯದು. ತಾಯಿ ಸಾಯುವಾಗ ಬಿಟ್ಟುಹೋದದ್ದು ಆ ಯಂತ್ರವನ್ನೂ ಈ ಸೋದರಮಾವನನ್ನೂ ಎಂದು ಮೆಟ್ರಿನ್ ತಮಾಷೆ ಮಾಡುತ್ತಿದ್ದಳು. "ಎರಡೂ ಹಳೇ ಕಾಲದ್ದೇ ಖೋಚಾ, ಎರಡಕ್ಕೂ ಎಣ್ಣೆ ಬಿಟ್ಟರೆ ಬೇರೇನೂ ಬೇಡ," ಎಂದು ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದಳು. ನಮ್ಮ ಮಾತಿನಲ್ಲಿ ಖೋಚಾ ಎಂದರೆ ಸೋದರಮಾವ.

ಊರು ಅವರನ್ನು ನಿವೃತ್ತರಾಗಲು ಬಿಡಲಿಲ್ಲ. ಗೊಬ್ಬರದ ಚೀಲ ಅಸಲಿಯೇ, ಜೋಳದ ಬಿತ್ತನೆಬೀಜಕ್ಕೆ ಬಣ್ಣ ಬಳಿದಿದ್ದಾರೆಯೇ, ನೋಟು ಖೋಟಾವೇ ಎಂದು ಕೇಳಿಕೊಂಡು ಜನ ಮೆಟ್ರಿನ್‌ಳ ಅಂಗಡಿಯ ಬೆಂಚಿಗೆ ಬರುತ್ತಿದ್ದರು. ಖಿಸಾ ಮೂಸಿ, ಉಜ್ಜಿ, ಬೆಳಕಿಗೆ ಹಿಡಿದು, ಕೊನೆಗೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಕೆಯೇ ಊರಿಗೆ ಮುದ್ರೆಯಾಗಿತ್ತು.

ಹೀಗಿರುವಾಗ ಕೊಕ್ಕರೆ ಬಂತು.

ಕೊಕ್ಕರೆ ಎಂದರೆ ಫೋನಿನೊಳಗಿನ ಜೂಜಿನ ಮನೆ. ಪರದೆಯ ಮೇಲೆ ಜುಟ್ಟಿನ ಕೊಕ್ಕರೆಯೊಂದು ಹಾರುತ್ತಾ ಮೇಲೇರುತ್ತದೆ. ಅದು ಏರಿದಷ್ಟೂ ನೀವಿಟ್ಟ ಹಣ ಬೆಳೆಯುತ್ತದೆ. ಅದು ಮೋಡದೊಳಗೆ ಮಾಯವಾಗುವ ಮೊದಲು ಗುಂಡಿ ಒತ್ತಿದರೆ ಹಣ ನಿಮ್ಮದು, ತಡವಾದರೆ ಕೊಕ್ಕರೆಯದು. ಇದಕ್ಕೆ ಮುಂಚೆ ಬಂದಿದ್ದ ಇಂಥದೇ ಒಂದು ಆಟ ಊರಿನ ಹಣವನ್ನೆಲ್ಲ ನುಂಗಿ ಒಂದು ಬೆಳಿಗ್ಗೆ ಫೋನಿನಿಂದಲೇ ಕಾಣೆಯಾಗಿತ್ತು. ಆದ್ದರಿಂದ ಜನ ಈ ಸಲ ಆಟ ಒಳ್ಳೆಯದೇ ಎಂದು ಕೇಳಲಿಲ್ಲ. ಇದು ಗೆದ್ದವರಿಗೆ ಕೊಡುತ್ತದೆಯೇ ಎಂದಷ್ಟೇ ಕೇಳಿದರು. ಕಾಗದಗಳ ನಕಲು ತೆಗೆದುಕೊಡುವ ನೆರಳಚ್ಚು ಅಂಗಡಿಯ ಸಿಟಾಟಿಗೆ ಉತ್ತರ ಬೇಗ ಬೇಕಾಗಿತ್ತು. ಅವನು ಸೇರಿಸಿದ ಒಬ್ಬೊಬ್ಬ ಆಟಗಾರನಿಗೂ ಕೊಕ್ಕರೆ ಅವನಿಗೆ ಕೂಲಿ ಕೊಡುತ್ತಿತ್ತು.

"ಮ್ಜೇ, ನೀವೊಂದ್ಸಲ ನೋಡಿ ಹೇಳ್ಬಿಡಿ," ಎಂದು ಸಿಟಾಟಿ ಬೆಂಚಿನ ತುದಿಯಲ್ಲಿ ಕುಳಿತ. ನಮ್ಮಲ್ಲಿ ಹಿರಿಯರನ್ನು ಹಾಗೆಯೇ ಕರೆಯುವುದು. "ನೀವು ಸರಿ ಅಂದ್ರೆ ಸರಿ. ಕಳ್ಳ ಅಂದ್ರೆ ನಾನೇ ಇದನ್ನ ಊರಿಂದ ಓಡಿಸ್ತೀನಿ."

"ಜೂಜಿನ ಮಾತು ನನ್ನ ಹತ್ರ ಬೇಡ. ಏಳು."

ಆಗ ಯಂತ್ರದ ಹಿಂದಿನಿಂದ ಮೆಟ್ರಿನ್ ಮಾತನಾಡಿದಳು. ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. "ಆಡು ಅಂತ ನಿಂಗೆ ಯಾರು ಹೇಳಿದ್ರು ಖೋಚಾ? ಅವ್ನು ಕೇಳ್ತಿರೋದು ತಕ್ಕಡಿ ನೆಟ್ಟಗಿದ್ಯಾ ಅಂತ. ಹೆಂಡ ಮಾರೋ ಅಜ್ಜಿ ಅಳತೆ ಡಬ್ಬಾನೂ ನೀನು ನೋಡ್ತಿದ್ಯಲ್ಲ? ಅವತ್ತೇನು ಹೆಂಡ ಕುಡಿದ್ಯಾ?"

ಸಿಟಾಟಿ ತೊಡೆ ತಟ್ಟಿ ನಕ್ಕ. ಖಿಸಾ ಫೋನಿಗಾಗಿ ಕೈ ಚಾಚಿದರು. ಅವಳು ಹೇಳಿದ್ದು ನಿಜವಾಗಿತ್ತು. ತಪಾಸಕನು ಮುಳ್ಳನ್ನು ನೋಡುತ್ತಾನೆ. ತಟ್ಟೆಯಲ್ಲಿರುವುದು ಕಾಳೋ ಹೆಂಡವೋ ಎಂದು ಕೇಳುವುದಿಲ್ಲ. ಒಂದು ಜೀವಮಾನ ಅವರು ಹಾಗೆಯೇ ದುಡಿದಿದ್ದರು. ಅದರಲ್ಲಿ ತಪ್ಪೇನಿದೆಯೆಂದು ಅವರಿಗೆ ಆಗ ಹೊಳೆಯಲಿಲ್ಲ.

ಮೂರು ದಿನ ಅವರು ಸಿಟಾಟಿಯ ಅಂಗಡಿಯಲ್ಲಿ ಕುಳಿತರು. ಕನ್ನಡಕ ಒರೆಸಿ ಒರೆಸಿ, ಚ್ವೇಲೆಯಲ್ಲಿ ಯಾರೂ ಓದದಿದ್ದ ಆ ಹತ್ತೊಂಬತ್ತು ಪುಟದ ನಿಯಮಗಳನ್ನು ಬೆರಳಿಟ್ಟು ಓದಿದರು. ಪುಟದ ಕೆಳಗೆ ಪರವಾನಗಿಯ ಗುರುತಿತ್ತು, ಸಂಖ್ಯೆಯಿತ್ತು, ಬರೆದುಕೊಂಡರು. ಎಲ್ಡೊರೆಟ್ಟಿನ ವಿಳಾಸವಿತ್ತು, ಅದನ್ನೂ ಬರೆದುಕೊಂಡರು. ಫೋನ್ ಮಾಡಿದರು. ಎರಡನೆಯ ರಿಂಗಿಗೇ ಒಬ್ಬ ಹುಡುಗಿ ಎತ್ತಿಕೊಂಡು, "ಹೇಳಿ ತಾತಾ, ಏನಾಗ್ಬೇಕಿತ್ತು?" ಎಂದಳು. ಅಷ್ಟು ವಿನಯ ಅವರ ಇಲಾಖೆಯಲ್ಲೂ ಇರಲಿಲ್ಲ. ಹೆಸರು ಕೇಳಿದಳು, ಹೇಳಿದರು. ಊರು ಕೇಳಿದಳು, ಅದನ್ನೂ ಹೇಳಿದರು. ಸಂತೆಗೆ ಯಾವ ದಿನ ಹೋಗುತ್ತೇನೆಂದು ಹೆಂಡತಿಗೂ ಹೇಳದಿದ್ದ ಮನುಷ್ಯ!

ಕೊನೆಗೆ ಕಲ್ಲು ಇಟ್ಟು ನೋಡುವುದು ಉಳಿಯಿತು. ಖಿಸಾ ಇನ್ನೂರು ಶಿಲಿಂಗ್ ಹಾಕಿದರು.

"ಇನ್ನೂರಾ?" ಎಂದ ಸಿಟಾಟಿ. "ಅದು ಕೋಳಿಗೆ ಕಾಳು ಹಾಕಿದ ಹಾಗೆ ಮ್ಜೇ. ಐದು ಸಾವಿರ ಹಾಕಿ ನೋಡಿ."

"ಜೂಜಿಗೆ ಇನ್ನೂರೇ ಹೆಚ್ಚು."

ಕೊಕ್ಕರೆ ಹಾರಿತು. ಖಿಸಾ ಮುಖ ಒಂದು ಕಡೆ ತಿರುಗಿಸಿಕೊಂಡು, ಬಿಸಿ ಪಾತ್ರೆ ಮುಟ್ಟುವ ಹಾಗೆ ಗುಂಡಿ ಒತ್ತಿದರು. ಇನ್ನೂರು ಮುನ್ನೂರಾಗಿತ್ತು. ತಿರುಗಿ ಕಳುಹಿಸಿ ಎಂದು ಕೇಳಿದರು. ಕೈಗಡಿಯಾರದಲ್ಲಿ ನಾಲ್ಕು ನಿಮಿಷವಾಗುವಷ್ಟರಲ್ಲಿ ಹಣ ಅವರ ಫೋನಿಗೆ ಬಂತು. ಮರುದಿನ ಹಾಗೆಯೇ ಮಾಡಿದರು, ಬಂತು. ಮೂರನೆಯ ದಿನವೂ ಬಂತು. ಗೆದ್ದದ್ದನ್ನು ಅವರು ಮನೆಗೆ ಒಯ್ಯಲಿಲ್ಲ. ಸಂತೆಯ ಬಾಗಿಲಲ್ಲಿ ಕೂರುವ ಕುರುಡಿಯ ತಟ್ಟೆಗೆ ಹಾಕಿ, ಅಲ್ಲಿಗೆ ಕೈ ಶುದ್ಧವಾಯಿತೆಂದುಕೊಂಡರು. ಆಮೇಲೆ ಸಿಟಾಟಿ ಕೊಟ್ಟ ಬಿಳಿ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: "ಪರೀಕ್ಷಿಸಿದ್ದೇನೆ. ಹಣ ತಿರುಗಿ ಬಂದಿದೆ. ತೂಕ ಸರಿಯಿದೆ. ಮೆಶಾಕ್ ಖಿಸಾ, ನಿವೃತ್ತ ತಪಾಸಕ." ತಾರೀಖನ್ನೂ ಹಾಕಿದರು.

ಮುಂದಿನ ಸೋಮವಾರದೊಳಗೆ ಆ ಚೀಟಿಯ ನಕಲುಗಳು ಕಟಿಂಗ್ ಅಂಗಡಿ, ಚಹಾದ ಅಂಗಡಿ, ಬೈಕಿನವರು ನಿಲ್ಲುವ ಮರ, ಎಲ್ಲ ಕಡೆ ಅಂಟಿದ್ದವು. ಖಿಸಾ ಅವನ್ನು ಕಂಡು ಹುಬ್ಬು ಗಂಟಿಕ್ಕಿದರು. ಒಳಗೊಳಗೆ ಅವರಿಗೆ ಹಿತವೂ ಆಗಿರಬೇಕು. ಮುದ್ರೆ ಹಿಂದಿರುಗಿಸಿ ಆರು ವರ್ಷವಾದ ಮೇಲೂ ತನ್ನ ಸಹಿಗೆ ಬೆಲೆಯಿದೆಯೆಂದರೆ ಯಾರಿಗೆ ಹಿತವಾಗುವುದಿಲ್ಲ?

ಮೆಟ್ರಿನ್ ಆಡುತ್ತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಅವಳು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಐವತ್ತು, ನೂರು ಹಾಕುತ್ತಿದ್ದಳು. ಒಂದು ದಿನ ಸಮವಸ್ತ್ರದ ಮುಂಗಡ ಎರಡು ಸಾವಿರ ಹಾಕಿದಳು. ಆ ದಿನ ಕೊಕ್ಕರೆ ಎಂದೂ ಏರದಷ್ಟು ಎತ್ತರಕ್ಕೆ ಏರಿತು. ಅವಳು ಒತ್ತಿದಾಗ ತೊಂಬತ್ನಾಲ್ಕು ಸಾವಿರವಿತ್ತು.

ಹಣ ಕಳುಹಿಸಿ ಎಂದಳು. ಗುರುತಿನ ಚೀಟಿಯ ಚಿತ್ರ ಕೇಳಿದರು, ಕಳುಹಿಸಿದಳು. ಚೀಟಿಯನ್ನು ಮುಖದ ಪಕ್ಕ ಹಿಡಿದು ತೆಗೆದ ಚಿತ್ರ ಕೇಳಿದರು, ಅದನ್ನೂ ಕಳುಹಿಸಿದಳು. ಸಿಮ್ ಯಾರ ಹೆಸರಿನಲ್ಲಿದೆ ಎಂದರು. ಅದು ತಾಯಿಯ ಹೆಸರಿನಲ್ಲಿತ್ತು. ನಮ್ಮೂರಿನಲ್ಲಿ ಅರ್ಧ ಜನರ ಸಿಮ್ ಸತ್ತವರ ಹೆಸರಿನಲ್ಲೇ ಇದೆ. ನೂರು ಇನ್ನೂರು ಗೆದ್ದಾಗ ಅದನ್ನು ಯಾರೂ ಕೇಳಿರಲಿಲ್ಲ. ಹಾಗಾದರೆ ಖಾತೆ ನಿಮ್ಮದೇ ಎಂದು ತೋರಿಸಲು ಹದಿನಾಲ್ಕು ಸಾವಿರ ಕಟ್ಟಿ, ಗೆದ್ದದ್ದರ ಜೊತೆಗೆ ಅದನ್ನೂ ಹಿಂದಿರುಗಿಸುತ್ತೇವೆ ಎಂದರು.

ಆಗ ಅವಳು ಸೋದರಮಾವನ ಮನೆಗೆ ಬಂದಳು. ಖಿಸಾ ಅಂಗಳದಲ್ಲಿ ಜೋಳದ ತೆನೆ ಬಿಡಿಸುತ್ತಿದ್ದರು. ಅವಳು ಪಕ್ಕದಲ್ಲಿ ಕುಳಿತು, ತಾನೂ ಒಂದು ತೆನೆ ಕೈಗೆತ್ತಿಕೊಂಡು, ಎಲ್ಲವನ್ನೂ ಹೇಳಿದಳು.

"ಬೈಬೇಡ ಖೋಚಾ. ಬೈಯೋದಿದ್ರೆ ಆಮೇಲೆ ಬೈ. ಒಂದೇ ಮಾತು ಹೇಳು, ಕೊಡ್ತಾರಾ?"

ಅವರಿಗೆ ಕೋಪ ಬಂತು. ಜೂಜಾಡಿದ್ದಕ್ಕೆ ಅವಳನ್ನು ಬೈದರು, ಅವಳ ತಾಯಿಯ ಹೆಸರೆತ್ತಿ ಬೈದರು. ಅವಳು ತಲೆ ತಗ್ಗಿಸಿ ಕಾಳು ಬಿಡಿಸುತ್ತಲೇ ಇದ್ದಳು. ಬೈದು ಮುಗಿದ ಮೇಲೆ ತಪಾಸಕನ ದನಿಯಲ್ಲಿ ಹೇಳಿದರು: "ಹೆಚ್ಚಿನ ದಾಖಲೆ ಕೇಳ್ಬಹುದು ಅಂತ ಅವ್ರ ನಿಯಮದಲ್ಲಿದೆ. ಹನ್ನೊಂದನೇ ಪುಟ. ನಾನು ಓದಿದೀನಿ. ನನಗೆ ಮೂರು ಸಲ ಕೊಟ್ಟಿದಾರೆ, ಒಂದು ಶಿಲಿಂಗ್ ಕಡಿಮೆಯಿಲ್ಲದ ಹಾಗೆ. ನಿಂಗೂ ಕೊಡ್ತಾರೆ. ತಗೊಂಡು ಆ ಆಟದ ಕಡೆ ಮತ್ತೆ ತಲೆ ಹಾಕ್ಬೇಡ."

"ಅಷ್ಟು ಸಾಕು," ಎಂದು ಅವಳು ಎದ್ದಳು. ಮಡಿಲಿನ ಕಾಳನ್ನು ಮೊರಕ್ಕೆ ಸುರಿದು, ಅವರ ಭುಜ ಮುಟ್ಟಿ ಹೋದಳು.

ಹದಿನಾಲ್ಕು ಸಾವಿರ ಎಲ್ಲಿಂದ ತರುತ್ತೀಯ ಎಂದು ಅವರು ಕೇಳಲಿಲ್ಲ.

ಹತ್ತು ದಿನ ಕಳೆದ ಮೇಲೆ ಅವರು ಎಂದಿನಂತೆ ಅಂಗಡಿಯ ಬೆಂಚಿಗೆ ಹೋದರು. ಮೆಟ್ರಿನ್ ನೆಲದ ಮೇಲೆ ಕುಳಿತು ಅಂಗಿಯೊಂದಕ್ಕೆ ಕೈಯಲ್ಲಿ ಅಂಚು ಹೊಲಿಯುತ್ತಿದ್ದಳು. ಯಂತ್ರವಿದ್ದ ಜಾಗದಲ್ಲಿ ಮಣ್ಣುನೆಲದ ಮೇಲೆ ಅದರ ನಾಲ್ಕು ಕಾಲುಗಳ ಗುಳಿ ಮಾತ್ರ ಇತ್ತು.

"ಯಂತ್ರ ರಿಪೇರಿಗೆ ಕೊಟ್ಯಾ?"

ಅವಳು ತಲೆಯೆತ್ತಲಿಲ್ಲ. "ಮಾರಿದೆ. ಹಣ ಕಟ್ಟಿದೆ. ಕಟ್ಟಿದ ದಿನವೇ ನನ್ನ ಖಾತೆ ಮುಚ್ಚಿದ್ರು. ಫೋನೂ ಎತ್ತಲ್ಲ."

ಖಿಸಾ ಬೆಂಚಿನ ಮೇಲೆ ಕುಳಿತರು. ಒಂದು ಮಾತೂ ಕೇಳದೆ ಅವರಿಗೆ ಎಲ್ಲ ತಿಳಿಯಿತು. ತಿಳಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಒಂದು ಕಿಲೋ ಇಟ್ಟಿದ್ದರು, ಸರಿ ಬಂದಿತ್ತು. ಮತ್ತೆ ಒಂದು ಕಿಲೋ ಇಟ್ಟಿದ್ದರು, ಸರಿ ಬಂದಿತ್ತು. ಮೂರು ಸಲವೂ ಒಂದೇ ಕಲ್ಲು. ಗುಮಾಸ್ತರಿಗೆಲ್ಲ ಮೊದಲ ದಿನವೇ ಬರೆಸುತ್ತಿದ್ದ ಮಾತನ್ನು, ಜೂಜಿಗೆ ಕೈ ಕೊಳೆಯಾಗುತ್ತದೆಂದು ತಾವೇ ಬಿಟ್ಟಿದ್ದರು. ಪೂರ್ಣ ಭಾರ ಇಟ್ಟು ನೋಡಿದ್ದವಳು ಮೆಟ್ರಿನ್.

ಮರುದಿನ ಅವರು ಖಾಕಿ ಅಂಗಿ ತೊಟ್ಟು, ಬರೆದುಕೊಂಡಿದ್ದ ವಿಳಾಸ ಹಿಡಿದು, ವ್ಯಾನ್ ಹತ್ತಿ ಎಲ್ಡೊರೆಟ್ಟಿಗೆ ಹೋದರು. ಬೀದಿ ಸರಿಯಿತ್ತು, ಕಟ್ಟಡ ಸರಿಯಿತ್ತು. ಮೂರನೆಯ ಮಹಡಿಯ ಬಾಗಿಲು ತೆರೆದಾಗ ಎಣ್ಣೆಯ, ಸುಟ್ಟ ಕೂದಲಿನ ವಾಸನೆ ಬಡಿಯಿತು. ಒಬ್ಬ ದಪ್ಪನೆಯ ಹೆಂಗಸು ಗಿರಾಕಿಯೊಬ್ಬಳ ತಲೆಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು.

"ಕೊಕ್ಕರೆನಾ?" ಎಂದಳು, ಅವರು ಬಾಯಿ ತೆರೆಯುವ ಮೊದಲೇ. "ಈ ವಾರ ನೀವು ನಾಲ್ಕನೆಯವ್ರು ಅಜ್ಜಾ. ಕೂತ್ಕೊಳ್ಳಿ, ಮೆಟ್ಟಿಲು ಹತ್ತಿ ದಣಿದಿದೀರಿ. ಒಬ್ಬ ಮೊನ್ನೆ ಇಲ್ಲೇ ಅತ್ತ. ನನ್ನ ಬಾಡಿಗೇನ ನಾನೇ ಕಟ್ಟೋಕಾಗ್ದೆ ಒದ್ದಾಡ್ತಿದೀನಿ, ನಾನೆಲ್ಲಿಂದ ಕೊಡ್ಲಿ ಹೇಳಿ?"

"ಪರವಾನಗಿ ಸಂಖ್ಯೆ ಇದೆಯಲ್ಲಮ್ಮ ಅವರದು. ಮುದ್ರೆನೂ ಇದೆ."

ಹೆಂಗಸು ಜಡೆ ಬಿಟ್ಟು ಅವರನ್ನೊಮ್ಮೆ ನೋಡಿದಳು. "ಮುದ್ರೆ ನನ್ನ ಹತ್ರಾನೂ ಇದೆ. ನೋಡಿ ಗೋಡೆ ಮೇಲೆ. ಲಂಡನ್ನಲ್ಲಿ ಕಲಿತು ಬಂದೋಳು ಅಂತ ಬರೆದಿದೆ. ನಾನು ಈ ಊರು ದಾಟಿದ್ದು ಯಾವಾಗ?" ಕುರ್ಚಿಯಲ್ಲಿದ್ದ ಗಿರಾಕಿ ಕಿಸಕ್ಕನೆ ನಕ್ಕಳು. ಆ ಹೆಂಗಸು ಖಿಸಾಗೆ ಚಹಾ ಕೊಟ್ಟಳು. ಅವರು ಕುಡಿದರು.

ಹಿಂದಿರುಗಿದ ಸೋಮವಾರ ಅವರು ಕೆಂಪು ಪೆನ್ಸಿಲ್ ಹಿಡಿದು ಸಂತೆಗೆ ಇಳಿದರು. ಚೀಟಿಯ ನಕಲು ಕಂಡಲ್ಲೆಲ್ಲ ತಮ್ಮ ಸಹಿಯ ಮೇಲೆ ತಾವೇ ಅಡ್ಡಗೆರೆ ಎಳೆದರು. "ನಾನು ತಪ್ಪು ನೋಡಿದೆ. ಇದು ಕಳ್ಳ ತಕ್ಕಡಿ. ಯಾರೂ ಹಣ ಹಾಕ್ಬೇಡಿ," ಎಂದು ಒಂದೊಂದು ಅಂಗಡಿಯ ಮುಂದೆಯೂ ನಿಂತು ಹೇಳಿದರು. ಬದುಕಿಡೀ ಸರಿ ಹೇಳಿದ ಮನುಷ್ಯ ಹೀಗೆ ತಪ್ಪೊಪ್ಪಿಕೊಳ್ಳಬೇಕಾದರೆ ಎಷ್ಟು ಕಷ್ಟವಾಗಿರಬೇಕು! ಊರು ಒಂದು ಕ್ಷಣವಾದರೂ ಮೌನವಾಗಬಹುದೆಂದು ಅವರು ಎಣಿಸಿದ್ದರೋ ಏನೋ.

"ಏನ್ ಮ್ಜೇ, ನಿಮ್ಮ ತಂಗಿ ಮಗಳು ಸೋತಳು ಅಂತ ಕೊಕ್ಕರೆ ಕಳ್ಳ ಆಯ್ತಾ?" ಎಂದ ಬೈಕಿನವನೊಬ್ಬ. "ನಂಗೆ ನೆನ್ನೆ ಐನೂರು ಕೊಟ್ಟಿದೆ. ನೋಡಿ, ಫೋನ್ ನೋಡಿ."

"ಐನೂರು ಕೊಡುತ್ತಪ್ಪಾ. ಐವತ್ತು ಸಾವಿರ ಕೊಡಲ್ಲ. ಅದೇ ಅದರ ಕಳ್ಳತನ."

"ನಂಗೆ ಐವತ್ತು ಸಾವಿರ ಯಾಕೆ? ಐನೂರು ಕೊಟ್ರೆ ಸಾಕು."

ನಾಂಜಾಲಾ, ಈಗ ಹಲ್ಲಿಲ್ಲದ ಮುದುಕಿ, ಕಾಳಿನ ರಾಶಿಯ ಹಿಂದಿನಿಂದ ಕೂಗಿದಳು: "ದಾರೀಲಿ ಒಣಗಿರ್ಬೇಕು ಸಾಹೇಬ್ರೆ, ನಿಮ್ಮ ತೂಕ!" ಸಂತೆ ನಕ್ಕಿತು. ಮೂವತ್ತೈದು ವರ್ಷ ಆ ಮಾತನ್ನು ಅವಳು ಬಾಯಲ್ಲೇ ಇಟ್ಟುಕೊಂಡಿದ್ದಳೆಂದು ತೋರುತ್ತದೆ.

ಅವರ ತಪ್ಪು ಮಾತನ್ನು ಒಂದು ವಾರದಲ್ಲಿ ನಂಬಿದ ಊರು, ಅವರ ಸರಿ ಮಾತನ್ನು ಈವರೆಗೆ ನಂಬಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡವನು, ಬರೆಯುತ್ತಾ ಬರೆಯುತ್ತಾ, "ನಿಮ್ಮ ಚೀಟಿ ನೋಡಿಯೇ ನಾನೂ ಸೇರಿದ್ದು ಮ್ಜೇ" ಎಂದನಂತೆ. ಸಿಟಾಟಿಯ ಅಂಗಡಿಗೆ ಎರಡನೆಯ ನೆರಳಚ್ಚು ಯಂತ್ರ ಬಂದಿದೆ. ಮೂಲ ಚೀಟಿಯನ್ನು ಅವನು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲ್ಗಡೆ ನೇತುಹಾಕಿದ್ದಾನೆ. ಖಿಸಾ ಅದರ ಮೇಲೂ ಗೆರೆ ಎಳೆಯಲು ಹೋದರು. ಪ್ಲಾಸ್ಟಿಕ್ಕಿಗೆ ಪೆನ್ಸಿಲ್ ಹಿಡಿಯಲಿಲ್ಲ. "ಎಳೀರಿ ಮ್ಜೇ, ಎಳೀರಿ. ಒರೆಸಿದ್ರೆ ಹೋಗುತ್ತೆ," ಎಂದು ಸಿಟಾಟಿ ಅವರಿಗೆ ಕುರ್ಚಿ ಹಾಕಿ ಕೊಟ್ಟ.

ಈಗ ಖಿಸಾ ತಮ್ಮ ಪಿಂಚಣಿಯಿಂದ ಪ್ರತಿ ತಿಂಗಳೂ ಸ್ವಲ್ಪ ತೆಗೆದಿಟ್ಟು ಕಾಲುಯಂತ್ರವೊಂದನ್ನು ಕೊಳ್ಳಬೇಕೆಂದಿದ್ದಾರೆ. ಮೆಟ್ರಿನ್ ಬೇಡವೆಂದಿಲ್ಲ, ಬೇಕೆಂದೂ ಇಲ್ಲ. ತಾಯಿಯ ಯಂತ್ರ ಕಿಮಿಲಿಲಿಯ ಒಬ್ಬ ದರ್ಜಿಯ ಬಳಿಯಿದೆ, ಅವನು ಮಾರುವುದಿಲ್ಲ. ಸೋಮವಾರ ಬೆಳಿಗ್ಗೆ ಖಿಸಾ ಹೊಸದಾಗಿ ಅಂಟಿದ ನಕಲುಗಳಿಗೆ ಗೆರೆ ಎಳೆಯುತ್ತಾ ಸಂತೆಯನ್ನು ಒಂದು ಸುತ್ತು ಹಾಕುತ್ತಾರೆ. ಆಮೇಲೆ ಮೆಟ್ರಿನ್‌ಳ ಅಂಗಡಿಗೆ ಬಂದು, ಹಳೆಯ ಸಮವಸ್ತ್ರಗಳ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ಗುಂಡಿಗಳನ್ನು ಡಬ್ಬಕ್ಕೆ ಹಾಕಿಕೊಡುತ್ತಾರೆ. ಅವಳು ಅವರಿಗೆ ಚಹಾ ಕೊಡುತ್ತಾಳೆ. ಬೆಂಚಿನ ಮೇಲೆ ಅವರ ಜಾಗವನ್ನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಖೋಚಾ ಎನ್ನುವುದಿಲ್ಲ.

"ಮ್ಜೇ, ಆ ಡಬ್ಬ ಇತ್ತ ಕೊಡ್ತೀರಾ?" ಎನ್ನುತ್ತಾಳೆ, ಊರಿನವರೆಲ್ಲ ಕರೆಯುವ ಹಾಗೆ.

ಖಿಸಾ ಡಬ್ಬ ಎತ್ತಿ ಕೊಡುತ್ತಾರೆ.